ತಲೆ ಮೇಲೆ ಏನಿತ್ತು?

2020ರ ಮೇ 20. ಮಧ್ಯಾಹ್ನ ಊಟದ ಹೊತ್ತು. ಲಾಕ್‌ಡೌನ್ ಕಾಲ, ಮನೆಯೇ ಆಫೀಸು. ಅನ್ನಕ್ಕೆ ಸಾರು ಕಲಸಿಕೊಂಡು, ಒಂದು ಕಿವಿಯಲ್ಲಿ ಮೀಟಿಂಗ್ ಕೇಳ್ತಾ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಢಂ ಅಂತ ಸದ್ದು. ಕಿಟಕಿ ಗಾಜು ಗಡಗಡ ಅಂದಿತು. ಆಗ ಬೆಂಗಳೂರಿನಲ್ಲಿದ್ದವರಿಗೆಲ್ಲ ಆ ಮಧ್ಯಾಹ್ನ ನೆನಪಿರುತ್ತೆ. ಎರಡೇ ನಿಮಿಷಕ್ಕೆ ಟ್ವಿಟ್ಟರ್ ತುಂಬ "ಭೂಕಂಪಾನಾ?" ನಮ್ಮ ಟೀಮಿನ ಗ್ರೂಪಿನಲ್ಲೂ ಅದೇ. ವೈಟ್‌ಫೀಲ್ಡಿನವರಿಗೆ ಕೇಳಿಸಿತ್ತು, ಎಚ್‌ಎಸ್‌ಆರ್‌ನವರಿಗೂ ಕೇಳಿಸಿತ್ತು. ಎಲ್ಲರೂ ಹೆದರಿದ್ದರು, ಅದರ ಜೊತೆ ಒಂಥರಾ ಖುಷಿಯೂ ಇತ್ತು. ತಿಂಗಳುಗಟ್ಟಲೆ ಏನೂ ಆಗದ ದಿನಗಳಲ್ಲಿ ಕೊನೆಗೂ ಏನೋ ಒಂದು ಆಗಿತ್ತಲ್ಲ!

ನಾನು ನನ್ನ ಹಳೇ ಕಥೆ ಹೊರತೆಗೆದೆ. "ನಾನು ಕಿಲ್ಲಾರಿ ಭೂಕಂಪದಲ್ಲಿ ಬದುಕಿ ಬಂದವನು. ಮನೆಮಂದಿಯೆಲ್ಲ ಕತ್ತಲಲ್ಲಿ ಹೊರಗೆ ಓಡಿದರು. ಜೀವ ಉಳಿಸಿಕೊಳ್ಳೋ ಗಡಿಬಿಡಿಯಲ್ಲಿ ನಮ್ಮಜ್ಜಿ ಏನು ಹಿಡಿದುಕೊಂಡು ಬಂದಿದ್ದಳು ಗೊತ್ತಾ? ಒಂದು ಹಿತ್ತಾಳೆ ಚರಗಿ!" ನಗುವ ಮುಖಗಳ ಮಳೆ ಸುರಿಯಿತು.

ಸಂಜೆ ಹೊತ್ತಿಗೆ ಗೊತ್ತಾಯಿತು, ಅದು ಭೂಕಂಪ ಅಲ್ಲ. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಶಬ್ದದ ವೇಗ ಮೀರಿದ್ದಕ್ಕೆ ಆದ ಸದ್ದು. ಭೂಕಂಪ ಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ.

ಈ ಚರಗಿಯ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ. ಹೊಸ ಕೆಲಸಕ್ಕೆ ಸೇರಿದಾಗೆಲ್ಲ ಐಸ್ ಬ್ರೇಕರ್ ಅಂತ ಒಂದು ಶಾಸ್ತ್ರ ಇರುತ್ತಲ್ಲ, "ನಿಮ್ಮ ಬಗ್ಗೆ ಒಂದು ಸ್ವಾರಸ್ಯಕರ ಸಂಗತಿ ಹೇಳಿ" ಅಂತ. ಒಬ್ಬರು ಟ್ರೆಕ್ಕಿಂಗ್ ಅಂತಾರೆ, ಇನ್ನೊಬ್ಬರು ಗಿಟಾರ್ ಅಂತಾರೆ. ನಾನು ಭೂಕಂಪ ಅಂತೀನಿ. ಅದನ್ನ ಮೀರಿಸೋರು ಸಿಕ್ಕಿಲ್ಲ. ನಿಜ ಹೇಳಬೇಕಂದ್ರೆ ಆಗ ನನಗೆ ಎರಡು ವರ್ಷ. ನನಗೆ ಏನೊಂದೂ ನೆನಪಿಲ್ಲ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮದು ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿ. ಮಹಾರಾಷ್ಟ್ರದ ಕಿಲ್ಲಾರಿಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರೂ ಆಗಲಿಕ್ಕಿಲ್ಲ. ಫೋನ್ ಎತ್ತಿದವಳು ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ.

"ಆಯಿ, ಇಲ್ಲಿ ಇವತ್ತು ಎಲ್ಲಾರೂ ಭೂಕಂಪ ಅಂತ ಹೆದರಿದ್ರು. ಆಮ್ಯಾಲ ನೋಡಿದ್ರ ವಿಮಾನದ ಸಪ್ಪಳ" ಅಂದೆ ನಗ್ತಾ.

ಆಕೆ ನಗಲಿಲ್ಲ. "ನೀ ಎಲ್ಲಿ ಮಕ್ಕೊಂತಿ?"

"ಬೆಡ್‌ರೂಮಿನ್ಯಾಗ."

"ಅದಲ್ಲೋ ತಮ್ಮಾ. ನಿನ್ನ ತಲಿ ಮ್ಯಾಲ ಏನದ?"

"ಮ್ಯಾಲ ಇನ್ನಾ ಮೂರು ಮನಿ ಅವ."

"ಕೆಳಗ?"

"ಕೆಳಗ ಗಾಡಿ ನಿಲ್ಲಿಸ್ತಾರ. ಬರೇ ಕಂಬ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, "ಬರೇ ಕಂಬದ ಮ್ಯಾಲ ಮನಿ ಕಟ್ಯಾರ?"

ಆ ದಿನ ಬೆಂಗಳೂರಿನವರೆಲ್ಲ ಒಬ್ಬರನ್ನೊಬ್ಬರು ಕೇಳಿಕೊಂಡಿದ್ದು "ನಿಮಗೂ ಗೊತ್ತಾಯ್ತಾ? ಹೇಗನ್ನಿಸ್ತು?" ಅಂತ. ನಿಜವಾದ ಭೂಕಂಪ ಕಂಡಿದ್ದ ಒಬ್ಬಳೇ ಒಬ್ಬಳು ಕೇಳಿದ್ದು "ತಲೆ ಮೇಲೆ ಏನಿದೆ?" ಅಂತ. ಈ ಎರಡು ಪ್ರಶ್ನೆಗಳ ನಡುವಿನ ಅಂತರ ನನ್ನನ್ನು ಬಿಡಲಿಲ್ಲ. ಮುಂದಿನ ಕೆಲವು ತಿಂಗಳು, ಹೊರಗೆ ಹೋಗುವಂತಿಲ್ಲದ ವಾರಾಂತ್ಯಗಳಲ್ಲಿ, ಭೂಕಂಪ ಅನುಭವಿಸಿದವರು ಬರೆದದ್ದು, ಅವರ ಬಗ್ಗೆ ಬೇರೆಯವರು ಬರೆದದ್ದು, ತೆಗೆದ ಸಿನಿಮಾ, ಸಿಕ್ಕಿದ್ದನ್ನೆಲ್ಲ ಓದಿದೆ, ನೋಡಿದೆ. ಆಯಿಯ ಪ್ರಶ್ನೆಯನ್ನೇ ಅಳತೆಕೋಲು ಮಾಡಿಕೊಂಡೆ. ಈ ಬರಹ ಅದರ ಫಲ.

*

ಮೊದಲು ವಿಲಿಯಂ ಜೇಮ್ಸ್. ಅಮೆರಿಕದ ದೊಡ್ಡ ತತ್ವಜ್ಞಾನಿ, ಮನಶ್ಶಾಸ್ತ್ರಜ್ಞ. 1906ರಲ್ಲಿ ಕೆಲವು ತಿಂಗಳ ಮಟ್ಟಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಹೋಗಿದ್ದರು. ಏಪ್ರಿಲ್ 18ರ ಬೆಳಗಿನ ಜಾವ 5:12ಕ್ಕೆ ಸ್ಯಾನ್ ಫ್ರಾನ್ಸಿಸ್ಕೋವನ್ನು ನೆಲಕ್ಕೆ ಕೆಡವಿದ ಆ ಕುಖ್ಯಾತ ಭೂಕಂಪ. ತೀವ್ರತೆ ಸುಮಾರು 7.9. ಜೇಮ್ಸ್ ಹಾಸಿಗೆಯಲ್ಲಿ ಎಚ್ಚರವಾಗೇ ಇದ್ದರು. ಎರಡು ತಿಂಗಳೊಳಗೆ ಅದರ ಬಗ್ಗೆ ಪ್ರಬಂಧ ಬರೆದರು.

ಅದನ್ನು ಓದಿ ನಾನು ಬೆಚ್ಚಿದೆ. ಯಾಕಂದ್ರೆ ಜೇಮ್ಸ್‌ಗೆ ಆದದ್ದು ಖುಷಿ! ಒಂಚೂರೂ ಹೆದರಿಕೆ ಆಗಲಿಲ್ಲ ಅಂತಾರೆ. ಮಂಚ ಅಲ್ಲಾಡ್ತಿದ್ದಾಗ ಇನ್ನೂ ಜೋರಾಗಿ ಬರಲಿ ಅಂತ ಮನಸ್ಸು ಕೂಗ್ತಿತ್ತಂತೆ. ಅದು ಬರೀ ನೆಲದ ಅಲುಗಾಟ ಅಂತ ಅನ್ನಿಸಲಿಲ್ಲ, ಯಾರೋ ಒಬ್ಬರು ತನ್ನನ್ನೇ ಹುಡುಕಿಕೊಂಡು ಕೋಣೆಯೊಳಗೆ ಬಂದ ಹಾಗಿತ್ತು ಅಂತ ಬರೀತಾರೆ. ಹಿಂದಿನ ಕಾಲದ ಜನ ಭೂಕಂಪವನ್ನು ದೇವರ ಎಚ್ಚರಿಕೆ, ಶಿಕ್ಷೆ ಅಂತ ಯಾಕೆ ತಿಳಿದುಕೊಂಡರು ಅನ್ನೋದು ಆ ಹೊತ್ತಿನಲ್ಲಿ ತನಗೆ ಅರ್ಥವಾಯಿತು ಅಂತಲೂ.

ಇಷ್ಟೇ ಆಗಿದ್ದರೆ ಪಂಡಿತರ ಶೋಕಿ ಅಂತ ಪುಟ ತಿರುಗಿಸುತ್ತಿದ್ದೆ. ಆದರೆ ಜೇಮ್ಸ್ ಪ್ರಾಮಾಣಿಕರು. ಖುಷಿಯ ಜೊತೆ ಇನ್ನೊಂದು ಭಾವನೆಯನ್ನೂ ಹೇಳ್ತಾರೆ. ಅಷ್ಟು ಕುಲುಕಿದರೂ ಆ ಪುಟ್ಟ ಮರದ ಮನೆ ಬಿಡಿಬಿಡಿಯಾಗದೆ ನಿಂತಿತಲ್ಲ ಅನ್ನೋ ಮೆಚ್ಚುಗೆ. ಮರದ ಮನೆ! ಅದೇ ಆವರಣದಲ್ಲಿ ಕಲ್ಲಿನ ಭಾರೀ ಕಟ್ಟಡಗಳು ಕುಸಿದಿದ್ದವು. ಹೊಸ ಗ್ರಂಥಾಲಯ, ದೊಡ್ಡ ಕಮಾನು, ಚರ್ಚಿನ ಗೋಪುರ. ಜೇಮ್ಸ್ ಅಂಥದ್ದೊಂದರ ಕೆಳಗೆ ಮಲಗಿದ್ದಿದ್ದರೆ ನಮಗೆ ಆ ಪ್ರಬಂಧ ಸಿಗ್ತಿರಲಿಲ್ಲ. ಅವರಿಗೆ ಖುಷಿಪಡಲು ಅನುವು ಮಾಡಿಕೊಟ್ಟಿದ್ದು ಮನೆಯ ಹಲಗೆ. ಆಯಿಯ ಪ್ರಶ್ನೆಯನ್ನು ಜೇಮ್ಸ್ ಕೇಳಿಕೊಳ್ಳಲಿಲ್ಲ, ಆದರೂ ಉತ್ತರ ಬರೆದಿಟ್ಟು ಹೋಗಿದ್ದಾರೆ.

ಪ್ರಬಂಧದ ಎರಡನೇ ಅರ್ಧ ನನಗೆ ಇನ್ನೂ ಹೆಚ್ಚು ಮುಖ್ಯ ಅನ್ನಿಸ್ತು. ಅದೇ ದಿನ ಜೇಮ್ಸ್ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ತಾರೆ. ಊರು ಹೊತ್ತಿ ಉರೀತಿದೆ, ಜನ ಟ್ರಂಕು ಎಳೆದುಕೊಂಡು ಹೋಗ್ತಿದ್ದಾರೆ. ಅಳು, ಗೋಳಾಟ ಕಡಿಮೆ, ಕೆಲಸ ಜಾಸ್ತಿ. ದೂರದ ಪೂರ್ವ ಅಮೆರಿಕದಿಂದ ಬಂದ ಪತ್ರಗಳಲ್ಲೇ ದುಃಖ ಹೆಚ್ಚಾಗಿತ್ತು ಅಂತ ಗಮನಿಸ್ತಾರೆ. ಅಲ್ಲಿದ್ದವರಿಗೆ ಮಾಡಲು ಕೆಲಸ ಇತ್ತು, ದೂರದಲ್ಲಿದ್ದವರಿಗೆ ಕಲ್ಪಿಸಿಕೊಳ್ಳೋದು ಬಿಟ್ಟು ಬೇರೆ ಇರಲಿಲ್ಲ. ದೂರದವರ ಈ ಕಲ್ಪನೆಯ ವಿಷಯಕ್ಕೆ ಆಮೇಲೆ ಬರ್ತೀನಿ.

*

ಈಗ ಕಿಲ್ಲಾರಿ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷ ಮುಂಚೆ. ಹಿಂದಿನ ರಾತ್ರಿಯಷ್ಟೇ ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ತೀವ್ರತೆ 6.2. ಸ್ಯಾನ್ ಫ್ರಾನ್ಸಿಸ್ಕೋದ 7.9ರ ಮುಂದೆ ಇದು ಬಹಳ ಚಿಕ್ಕದು. ಅಲ್ಲಿ ಒಂದು ಮಹಾನಗರವೇ ಕುಸಿದು, ದಿನಗಟ್ಟಲೆ ಉರಿದು, ಸತ್ತವರು ಸುಮಾರು ಮೂರು ಸಾವಿರ ಅಂತ ಈಗಿನ ಅಂದಾಜು. ಇಲ್ಲಿ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಸತ್ತವರು ಎಂಟು ಸಾವಿರ ಅಂತ ಒಂದು ಲೆಕ್ಕ, ಹತ್ತು ಸಾವಿರದ ಹತ್ತಿರ ಅಂತ ಇನ್ನೊಂದು.

ಯಾಕೆ? ತಲೆ ಮೇಲೆ ಏನಿತ್ತು ಅಂತ ಕೇಳಿದರೆ ಉತ್ತರ ಸಿಗುತ್ತೆ. ಆ ಸೀಮೆಯ ಮನೆಗಳದ್ದು ಒಡ್ಡೊಡ್ಡು ಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ದಪ್ಪ ಗೋಡೆ, ಎರಡಡಿ, ಮೂರಡಿ ಅಗಲ. ಮೇಲೆ ಮರದ ತೊಲೆ, ಹಲಗೆ. ಅದರ ಮೇಲೆ ಬಿಸಿಲು ತಡೆಯೋಕೆ, ಮಳೆ ಸೋರದಿರೋಕೆ ವರ್ಷವರ್ಷವೂ ಹಾಕುತ್ತಾ ಬಂದ ಮಣ್ಣು. ನಮ್ಮ ಕಡೆಯೂ ಹಾಗೇ, ಮಾಳಿಗೆ ಮನೆ ಅಂತೀವಿ. ಬೇಸಿಗೆಯಲ್ಲಿ ತಂಪು, ಚಳಿಗೆ ಬೆಚ್ಚಗೆ. ಗೋಡೆ ದಪ್ಪ ಇದ್ದಷ್ಟೂ ಮನೆತನ ದೊಡ್ಡದು. ಆ ರಾತ್ರಿ ಕೊಂದಿದ್ದು ಆ ಗೋಡೆ, ಆ ಮಣ್ಣು. ಗುಡಿಸಲಲ್ಲಿ, ಹುಲ್ಲು ಹೊದೆಸಿದ ಸೂರಿನಡಿ ಮಲಗಿದ್ದ ಬಡವರು, ಅಂಗಳದಲ್ಲಿ, ಹೊಲದಲ್ಲಿ ಮಲಗಿದ್ದವರು ಹೆಚ್ಚು ಉಳಿದರು. ಒಂದು ಜನ್ಮದ ದುಡಿಮೆಯನ್ನು ಕಲ್ಲಿಗೆ ಸುರಿದವರು ಅದರಡಿಯೇ ಹೋದರು.

ಇನ್ನೊಂದು ಸಂಗತಿ. ಅದರ ಹಿಂದಿನ ವರ್ಷ, 1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಕಿಲ್ಲಾರಿಯ ಸುತ್ತ ಸಣ್ಣಪುಟ್ಟ ಕಂಪನಗಳು ಮತ್ತೆ ಮತ್ತೆ ಆಗಿದ್ದವು. ಜನರಿಗೆ ಗೊತ್ತಾಗಿತ್ತು, ಹೆದರಿದ್ದರು. ಆದರೆ ದೇಶದ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಆಗ ಒಂದನೇ ವಲಯದಲ್ಲಿತ್ತು, ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ದಖ್ಖನ್ನಿನ ಕಲ್ಲುನೆಲ ಗಟ್ಟಿ, ಅಲುಗೋದಿಲ್ಲ ಅನ್ನೋ ನಂಬಿಕೆ. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯ ಅನ್ನೋದನ್ನೇ ತೆಗೆದುಹಾಕಿದರು.

ಭೂಕಂಪಕ್ಕೆ ಅರ್ಥ ಹುಡುಕೋ ಚಟ ನಮಗೆ ಹಳೆಯದು. 1934ರ ಜನವರಿ 15ರಂದು ಬಿಹಾರ ನಡುಗಿದಾಗ ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದರು. ಟಾಗೋರರು ಒಪ್ಪಲಿಲ್ಲ, ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕು ಅಂತ ಬರೆದರು. ಗಾಂಧೀಜಿ ಆ ವಿರೋಧವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಮಾಡಿ ಉತ್ತರ ಕೊಟ್ಟರು. ಆ ವಾದವನ್ನು ನಾವು ಇವತ್ತಿಗೂ ಗೌರವದಿಂದ ಓದ್ತೀವಿ. ನಾನು ಟಾಗೋರರ ಕಡೆ. ಆದರೆ ಈ ಸಲ ಓದುವಾಗ ಒಂದು ಕೊರತೆ ಕಾಣಿಸ್ತು. ಪಾಪ ಯಾರದು ಅಂತ ವಾದ ನಡೆಯೋ ಕಡೆ ಗೋಡೆ ಯಾವುದು ಅಂತ ಕೇಳೋರು ಕಡಿಮೆ. ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡರೂ ಮಾಳಿಗೆಯ ಮಣ್ಣು ಅಲ್ಲೇ ಇರುತ್ತೆ.

*

ಆಯಿಯ ಅಳತೆಕೋಲಿಗೆ ಸರಿಹೊಂದಿದ್ದು ಒಬ್ಬ ಇರಾನಿ ನಿರ್ದೇಶಕ. ಅಬ್ಬಾಸ್ ಕಿಯರೊಸ್ತಮಿ.

ಇವರು 1987ರಲ್ಲಿ ಉತ್ತರ ಇರಾನಿನ ಕೋಕರ್ ಅನ್ನೋ ಹಳ್ಳಿಯಲ್ಲಿ ಅಲ್ಲಿನ ಮಕ್ಕಳನ್ನೇ ಹಾಕಿಕೊಂಡು ಒಂದು ಸಿನಿಮಾ ತೆಗೆದರು, 'ಗೆಳೆಯನ ಮನೆ ಎಲ್ಲಿದೆ?' ಅಂತ. 1990ರ ಜೂನ್ 21ರ ನಡುರಾತ್ರಿ ಆ ಸೀಮೆಯಲ್ಲಿ ಭೂಕಂಪ, ಮೂವತ್ತೈದು ಸಾವಿರಕ್ಕೂ ಹೆಚ್ಚು ಜನ ಸತ್ತರು. ತನ್ನ ಸಿನಿಮಾದ ಹುಡುಗರು ಬದುಕಿದ್ದಾರೋ ಇಲ್ಲವೋ ಅಂತ ನೋಡಲು ಕಿಯರೊಸ್ತಮಿ ಮಗನ ಜೊತೆ ಹೋದರು. ಆ ಪ್ರಯಾಣವೇ 1992ರ ಸಿನಿಮಾ ಆಯಿತು. 'ಬದುಕು, ಬೇರೇನಿಲ್ಲ' ಅನ್ನಬಹುದಾದ ಹೆಸರು. ಒಬ್ಬ ನಿರ್ದೇಶಕ, ಅವನ ಮಗ, ಒಂದು ಕಾರು. ದಾರಿಯುದ್ದಕ್ಕೂ ಬಿದ್ದ ಮನೆಗಳು, ಬದುಕಿ ಉಳಿದವರ ಜೊತೆ ಮಾತು.

ಕಂಪಿಸಿದ ಆ ನಿಮಿಷವನ್ನು ಸಿನಿಮಾ ತೋರಿಸೋದೇ ಇಲ್ಲ. ಜನ ಹೇಳಿಕೊಳ್ಳೋದು ಬೇರೆ ಬೇರೆ ಸಂಗತಿ. ಆ ರಾತ್ರಿ ವಿಶ್ವಕಪ್ ಫುಟ್‌ಬಾಲ್, ಬ್ರೆಜಿಲ್–ಸ್ಕಾಟ್ಲೆಂಡ್ ಪಂದ್ಯ ಇತ್ತು ಅಂತ ಒಬ್ಬ ಹುಡುಗ. ಮುಂದಿನ ಪಂದ್ಯ ನೋಡೋಕೆ ಅಂತ ಇನ್ನೊಬ್ಬ ಡೇರೆ ಮಧ್ಯೆ ಆಂಟೆನಾ ನಿಲ್ಲಿಸ್ತಿದ್ದಾನೆ. ಅವನ ಮನೆಯಲ್ಲೂ ಸಾವಾಗಿದೆ. ಹಿಂದಿನ ಸಿನಿಮಾದಲ್ಲಿ ನಟಿಸಿದ್ದ ಮುದುಕ ಸಿಗ್ತಾನೆ. ಆಗ ತನಗೆ ಸುಳ್ಳು ಗೂನು ಕಟ್ಟಿ ಇನ್ನೂ ಮುದುಕನಾಗಿ ತೋರಿಸಿದ್ದರು ಅಂತ ದೂರ್ತಾನೆ. ನಿಂತಿರೋ ಒಂದು ಮನೆಗೆ ನಮ್ಮನ್ನು ಕರೆದುಕೊಂಡು ಹೋಗ್ತಾನೆ. ಆಮೇಲೆ ಹೇಳ್ತಾನೆ, ಇದು ಸಿನಿಮಾದವರು ತನ್ನದು ಅಂತ ತೋರಿಸ್ತಿರೋ ಮನೆ, ತನ್ನ ನಿಜವಾದ ಮನೆ ಬಿದ್ದುಹೋಗಿದೆ, ತಾನು ಇರೋದು ಡೇರೆಯಲ್ಲಿ. ನೋಡ್ತಾ ಇದ್ದ ನನಗೆ ಚುರುಕ್ ಅಂತು. ತಲೆ ಮೇಲೆ ಏನಿದೆ ಅಂತ ಯಾರೂ ಕೇಳದೆಯೇ ಆ ಮುದುಕ ಹೇಳಿಬಿಟ್ಟಿದ್ದ.

ಅದೇ ಸಿನಿಮಾದಲ್ಲಿ, ಭೂಕಂಪ ಆದ ಕೂಡಲೇ ಮದುವೆಯಾದ ಒಂದು ಜೋಡಿ ಇದೆ. ಅರವತ್ತೈದು ಜನ ಬಂಧುಗಳನ್ನ ಕಳೆದುಕೊಂಡೆ ಅಂತಾನೆ ವರ. ಎರಡು ವರ್ಷ ಬಿಟ್ಟು 1994ರಲ್ಲಿ ಕಿಯರೊಸ್ತಮಿ ಈ ಒಂದೇ ದೃಶ್ಯದ ಚಿತ್ರೀಕರಣದ ಬಗ್ಗೆ ಇನ್ನೊಂದು ಸಿನಿಮಾ ತೆಗೆದರು, 'ಆಲಿವ್ ಮರಗಳ ನಡುವೆ'. ಅದರಲ್ಲಿ ವರನ ಪಾತ್ರ ಮಾಡೋ ಹುಡುಗ ಇಪ್ಪತ್ತೈದು ಅಂತಾನೆ. ಕಟ್. ಅರವತ್ತೈದು ಅನ್ನು ಅಂತಾರೆ. ಯಾಕಂದ್ರೆ ನಿಜವಾಗಿ ಅವನು ಕಳೆದುಕೊಂಡಿದ್ದು ಇಪ್ಪತ್ತೈದು ಜನರನ್ನ.

ಈ ದೃಶ್ಯವನ್ನು ನಾನು ಮೂರು ಸಲ ಹಿಂದೆ ತಿರುಗಿಸಿ ನೋಡಿದೆ. ಕಥೆಗೆ ಅರವತ್ತೈದು ಬೇಕು. ಅವನ ಬಾಯಿಗೆ ಬರೋದು ಇಪ್ಪತ್ತೈದು. ಇಪ್ಪತ್ತೈದು ಸಾವು ಸಾಲದೆ? ಬೇರೆಯವರ ಭೂಕಂಪವನ್ನು ಹೇಳೋಕೆ ಹೊರಟ ನಮ್ಮಂಥವರು ಮಾಡೋ ಅಪರಾಧ ಇದೇ. ಕಿಯರೊಸ್ತಮಿ ಅದನ್ನು ತನ್ನ ಮೇಲೇ ಹೊರಿಸಿಕೊಂಡು ತೋರಿಸಿದರು. ಅವರ ಸಿನಿಮಾ ಬಗ್ಗೆ ನನ್ನದೊಂದು ತಕರಾರೂ ಇದೆ. ಹಸಿರು ಬೆಟ್ಟ, ಬೆಳಕು, ಕೊನೆಗೆ ವಿವಾಲ್ಡಿಯ ಸಂಗೀತ, ಎಲ್ಲವೂ ವಿಪರೀತ ಚಂದ. ಕಾರಿನ ಕಿಟಕಿಯಿಂದ ಕಂಡ ಚಂದ. ಆದರೆ ಹುಡುಗರು ಬದುಕಿದ್ದಾರಾ ಅನ್ನೋ ಪ್ರಶ್ನೆಗೆ ಸಿನಿಮಾ ಕೊನೆವರೆಗೂ ಉತ್ತರ ಕೊಡೋದಿಲ್ಲ. ಕಡಿದಾದ ಏರಿನಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತವನನ್ನು ಹತ್ತಿಸಿಕೊಂಡು ಕಾರು ಮುಂದೆ ಹೋಗುತ್ತೆ, ಅಷ್ಟೇ. ಹುಡುಗರು ಸಿಕ್ಕಿಬಿಟ್ಟಿದ್ದರೆ ನಾವೂ ಕಣ್ಣೊರೆಸಿಕೊಂಡು ಎದ್ದುಹೋಗ್ತಿದ್ದೆವು.

*

ನಮ್ಮ ಓರಗೆಯವರು ಹೆಚ್ಚು ಓದಿರೋದು ಮುರಕಾಮಿಯನ್ನ. ನಾನೂ ಓದಿದ್ದು ಮೊದಲು ಅವರನ್ನೇ. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಆರು ಸಾವಿರದ ನಾನೂರಕ್ಕೂ ಹೆಚ್ಚು ಜನ ಸತ್ತರು. ಮುರಕಾಮಿ ಬೆಳೆದದ್ದು ಆ ಕಡೆಯೇ, ಭೂಕಂಪದ ಹೊತ್ತಿಗೆ ಅಮೆರಿಕದಲ್ಲಿದ್ದರು. 2000ರಲ್ಲಿ ಆರು ಕಥೆಗಳ ಸಂಕಲನ ತಂದರು, ಇಂಗ್ಲಿಷಿನಲ್ಲಿ 'ಆಫ್ಟರ್ ದ ಕ್ವೇಕ್'. ವಿಚಿತ್ರ ಅಂದರೆ ಒಂದು ಕಥೆಯೂ ಕೋಬೆಯಲ್ಲಿ ನಡೆಯೋದಿಲ್ಲ. ಎಲ್ಲವೂ ಭೂಕಂಪದ ಮರುತಿಂಗಳು, ಬೇರೆ ಊರುಗಳಲ್ಲಿ. ಮೊದಲ ಕಥೆಯಲ್ಲಿ ಟೋಕಿಯೋದ ಹೆಂಗಸೊಬ್ಬಳು ಐದು ದಿನ ಟಿವಿ ಮುಂದಿಂದ ಏಳೋದೇ ಇಲ್ಲ. ಕುಸಿದ ಕಟ್ಟಡ, ಬೆಂಕಿ, ಇದನ್ನೇ ನೋಡ್ತಾಳೆ. ಅವಳಿಗೆ ಆ ಊರಿನಲ್ಲಿ ನೆಂಟರಿಲ್ಲ. ಆರನೇ ದಿನ ಗಂಡ ಕೆಲಸದಿಂದ ಬಂದರೆ ಮನೆ ಖಾಲಿ, ಹೆಂಡತಿ ಬಿಟ್ಟುಹೋಗಿದ್ದಾಳೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಪಿಜಿ ರೂಮಿನಲ್ಲಿ ಓದಿದಾಗ ಇದು ನನ್ನದೇ ಕಥೆ ಅನ್ನಿಸಿತ್ತು. ನಗರದ ಒಂಟಿತನ, ಒಳಗಿನ ಪೊಳ್ಳು, ಇತ್ಯಾದಿ. ಈಗ ಮತ್ತೆ ಓದಿದಾಗ ಸ್ವಲ್ಪ ಇರುಸುಮುರುಸಾಯಿತು. ಸತ್ತ ಆರು ಸಾವಿರ ಜನರಲ್ಲಿ ಒಬ್ಬರಿಗೂ ಇಲ್ಲಿ ಮುಖ ಇಲ್ಲ. ಅವರ ಸಾವು ಟೋಕಿಯೋದವರ ಮನಸ್ಸು ಅಲುಗಾಡೋಕೆ ನೆಪ. ನಮಗೆಲ್ಲ ಈ ಪುಸ್ತಕ ಇಷ್ಟವಾಗೋದು ಭೂಕಂಪವನ್ನು ನಮ್ಮ ಬೇಸರಕ್ಕೊಂದು ಉಪಮೆಯಾಗಿ ಕೊಡುತ್ತೆ ಅಂತಾನಾ?

ಹಾಗಂತ ಪುಸ್ತಕ ಎತ್ತಿಡಲಿಲ್ಲ. ಮುರಕಾಮಿ ಒಂದು ಕೆಲಸ ನಿಯತ್ತಿನಿಂದ ಮಾಡಿದ್ದಾರೆ. ತಾನು ಅಲ್ಲಿರಲಿಲ್ಲ ಅನ್ನೋದನ್ನ ಮುಚ್ಚಿಡಲಿಲ್ಲ. ಕೋಬೆಯ ಅವಶೇಷದೊಳಗೆ ನುಗ್ಗಿ, ಅಲ್ಲಿದ್ದವನ ದನಿಯಲ್ಲಿ ಮಾತಾಡಲಿಲ್ಲ. ದೂರದಲ್ಲಿ ಟಿವಿ ನೋಡ್ತಾ ಕೂತವರ ಬಗ್ಗೆ ಮಾತ್ರ ಬರೆದರು. ಜೇಮ್ಸ್ ಹೇಳಿದ ಆ ದೂರದ ಪತ್ರಗಳು ನೆನಪಿವೆಯಲ್ಲ, ಅವುಗಳನ್ನು ಬರೆದವರ ಕಥೆ ಇದು. ನಾನೋ, ಅಲ್ಲಿದ್ದರೂ ಇಲ್ಲದವನು. ಎರಡು ವರ್ಷದ ಕೂಸು. ಆದರೂ ಹತ್ತು ವರ್ಷದಿಂದ "ನಾನು ಬದುಕಿ ಬಂದವನು" ಅಂತ ಮೀಟಿಂಗ್ ರೂಮುಗಳಲ್ಲಿ ಚಪ್ಪಾಳೆ ಗಿಟ್ಟಿಸ್ತಿದ್ದೆ.

*

ಆ ವರ್ಷ ದೀಪಾವಳಿಗೆ ಊರಿಗೆ ಹೋದೆ. ಆಯಿ ಪಡಸಾಲೆಯಲ್ಲಿ ಕೂತು ಬತ್ತಿ ಹೊಸೀತಿದ್ದಳು. ಹೇಗಿತ್ತು ಅಂತ ಕೇಳಲಿಲ್ಲ. "ಆಯಿ, ಅವತ್ತ ರಾತ್ರಿ ಯಾರ್ಯಾರು ಎಲ್ಲೆಲ್ಲಿ ಮಕ್ಕೊಂಡಿದ್ರಿ?" ಅಂದೆ.

ಆಕೆ ನೆಲದ ಮೇಲೆ ಬೆರಳಿಂದ ಮನೆ ಬರೆದಳು. ಮುತ್ಯಾ ಅಂಗಳದಲ್ಲಿ ಹೊರಸಿನ ಮೇಲೆ. ಅಪ್ಪ ಹೊಲದಲ್ಲಿ. ಕಾಕಾ ಕಟ್ಟೆ ಮೇಲೆ. ಅವ್ವ ಅಡುಗೆ ಮನೆ ಬದಿಯ ಕೋಣೆಯಲ್ಲಿ. "ನಾ ಇಲ್ಲಿ, ನಡುಮನ್ಯಾಗ." ಬೆರಳು ಅಲ್ಲೇ ನಿಂತಿತು.

"ಮದಲ ಗುಡುಗಿನಂಗ ಸಪ್ಪಳ ಬಂತು. ನೆಲದ ಒಳಗಿಂದ. ಮಾಳಗಿ ಮಣ್ಣು ಮಾರಿ ಮ್ಯಾಲ ಉದುರ್ತು, ಕಣ್ಣು ತೆರದೆ. ಮುಂದ ನೋಡಿದ್ರ ಅಂಗಳದಾಗ ನಿಂತೀನಿ. ಹೆಂಗ ಬಂದೆ ಗೊತ್ತಿಲ್ಲ. ಕೈ ನೋಡ್ಕೊಂಡೆ. ಬರಿಗೈ." ಬತ್ತಿ ಹೊಸೆಯೋದು ನಿಲ್ಲಿಸಿದ್ದಳು. "ನೀ ನನ್ನ ಮಗ್ಗಲದಾಗ ಮಕ್ಕೊಂಡಿದ್ದಿ. ನಿನ್ನ ಬಿಟ್ಟು ಬಂದಿದ್ದೆ. ನಿಮ್ಮವ್ವ ಎತಗೊಂಡು ಬಂದಳು."

ನನಗೆ ಮಾತು ಹೊರಡಲಿಲ್ಲ. ಸುಮ್ಮನಿರಲಾರದೆ, "ಮತ್ತ ಚರಗಿ?" ಅಂದೆ.

ಚರಗಿ ಆ ರಾತ್ರಿಯದ್ದೇ ಅಲ್ಲ. ಮತ್ತೆ ಮತ್ತೆ ಸಣ್ಣಗೆ ನಡುಗುತ್ತಿದ್ದ ಆ ದಿನಗಳಲ್ಲಿ ಆಯಿ ರಾತ್ರಿ ಒಂದು ಚರಗಿ ಬೋರಲು ಹಾಕಿ ಅದರ ಮೇಲೆ ಇನ್ನೊಂದು ನಿಲ್ಲಿಸಿ ಮಲಗುತ್ತಿದ್ದಳಂತೆ. ನೆಲ ಸ್ವಲ್ಪ ಅಲುಗಿದರೂ ಉರುಳಿ ಸದ್ದಾಗಲಿ ಅಂತ. ಒಂದು ರಾತ್ರಿ ಬೆಕ್ಕು ಬೀಳಿಸಿತು. ಎಲ್ಲರೂ ಹೊರಗೆ ಓಡಿದರು. ಆಯಿಯ ಒಂದು ಕಂಕುಳಲ್ಲಿ ನಾನು, ಇನ್ನೊಂದು ಕೈಯಲ್ಲಿ ಆ ಚರಗಿ.

ಒಳಗಿನಿಂದ ಅವ್ವ ಬಂದಳು. "ಅದೆಲ್ಲ ಈಗ ಯಾಕ ಕೇಳ್ತಿ ನೀ?" ಅಂತ ನನ್ನ ಮೇಲೆ ರೇಗಿದಳು. ಆಗ ಹೊಳೀತು. ಚರಗಿಯ ಕಥೆಯನ್ನು ಮನೆಯಲ್ಲಿ ಯಾವಾಗಲೂ ಹೇಳಿ ನಗಿಸ್ತಿದ್ದವಳು ಅವ್ವ. ಆ ರಾತ್ರಿಯ ಮಾತು ಬಂದಾಗೆಲ್ಲ ತಕ್ಷಣ ಈ ರಾತ್ರಿಯ ಕಥೆ ಮುಂದೆ ತರುತ್ತಿದ್ದಳು. ಅತ್ತೆಯ ಬರಿಗೈಯಲ್ಲಿ ಒಂದು ಚರಗಿ ಇಟ್ಟಿದ್ದಳು. ಇಪ್ಪತ್ತೇಳು ವರ್ಷ ಆ ನಗು ಮನೆಯೊಳಗೆ ಒಂದು ಕೆಲಸ ಮಾಡಿತ್ತು. ನಾನು ಅದನ್ನು ಎತ್ತಿಕೊಂಡು ಹೋಗಿ ಕಾನ್ಫರೆನ್ಸ್ ರೂಮಿನಲ್ಲಿ ಖರ್ಚು ಮಾಡಿದ್ದೆ.

ಸಮಾಧಾನ ಮಾಡೋಣ ಅಂತ, ಓದಿಕೊಂಡಿದ್ದ ಒಂದು ಸಂಗತಿ ಹೇಳಿದೆ. ಜಪಾನಿನ ಸಾನ್ರಿಕು ಕರಾವಳಿಯಲ್ಲಿ 'ತೆಂದೆಂಕೋ' ಅಂತ ಒಂದು ಮಾತಿದೆ. ಸುನಾಮಿ ಬಂದರೆ ಅಪ್ಪ, ಅಮ್ಮ, ಮಗು ಯಾರಿಗೂ ಕಾಯಬೇಡ, ನಿನ್ನ ಪಾಡಿಗೆ ನೀನು ಗುಡ್ಡಕ್ಕೆ ಓಡು ಅಂತ ಅರ್ಥ. ಉಳಿದವರು ಆಮೇಲೆ ಕೊರಗಬಾರದು ಅನ್ನೋದೂ ಅದರಲ್ಲಿದೆ.

ಆಯಿ ಕೇಳಿಸಿಕೊಂಡಳು. "ಅದು ಸಮುದ್ರದ ದಂಡಿ ಮಂದಿ ಮಾತು. ನಮ್ಮಲ್ಲಿ ಸಮುದ್ರ ಎಲ್ಲದ?" ಅಂದು ಮತ್ತೆ ಬತ್ತಿಗೆ ಕೈ ಹಾಕಿದಳು. ಆಮೇಲೆ ಉಳಿದ ಕಥೆ ಹೇಳಿದಳು. ಮುತ್ಯಾ ಬುಟ್ಟಿ ಬುಟ್ಟಿ ಮಣ್ಣು ಇಳಿಸಿದ್ದು, ಮಾಳಿಗೆ ತೆಗೆಸಿ ಪತ್ರಾ ಹೊದೆಸಿದ್ದು, ಬೇಸಿಗೆಯಲ್ಲಿ ಅದರಡಿ ಬೆಂದುಹೋಗಿದ್ದು, "ದೊಡ್ಡ ಮನಿಯವರು ತಗಡಿನ್ಯಾಗ ಅದಾರ" ಅಂತ ಜನ ಆಡಿಕೊಂಡಿದ್ದು. ಒಂದು ನಿಮಿಷವೂ ಇರದ ಆ ನಡುಕದ ಬಗ್ಗೆ ನಾಲ್ಕು ಮಾತು. ಆಮೇಲಿನ ವರ್ಷಗಳ ಬಗ್ಗೆ ಮಧ್ಯಾಹ್ನವಿಡೀ.

*

ಕೊನೆಗೆ ನಮ್ಮ ತಲೆ ಮೇಲಿನ ಮಾತು. 2001ರ ಜನವರಿ 26ರ ಗುಜರಾತ್ ಭೂಕಂಪದ ಕೇಂದ್ರ ಇದ್ದದ್ದು ಕಛ್‌ನ ಭುಜ್ ಹತ್ತಿರ. ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಹಾಗೆ ಬಿದ್ದವುಗಳಲ್ಲಿ ಎಷ್ಟೋ ಕಟ್ಟಡಗಳ ಕೆಳಗಡೆ ಪಾರ್ಕಿಂಗ್. ಗೋಡೆ ಇಲ್ಲ, ಬರೇ ಕಂಬ. ಮೇಲಿನ ಅಂತಸ್ತುಗಳು ಗೋಡೆಯಿಂದಾಗಿ ಬಿಗಿಯಾಗಿರುತ್ತವೆ, ಕೆಳಗಿನದು ಬಾಗುತ್ತೆ, ಕಂಬ ಮುರಿಯುತ್ತೆ. ಎಂಜಿನಿಯರುಗಳು ಇದಕ್ಕೆ ಲೆಕ್ಕ ಹಾಕಿ ಕಂಬಗಳನ್ನು ಗಟ್ಟಿ ಮಾಡೋ ನಿಯಮ 2002ಕ್ಕೇ ಬರೆದಿಟ್ಟಿದ್ದಾರೆ. ಶಾಲೆ ಮೆಟ್ಟಿಲು ಹತ್ತದ ಆಯಿಗೆ ಫೋನಿನಲ್ಲೇ ಅನುಮಾನ ಬಂದಿತ್ತು. ಬೆಂಗಳೂರು ಎರಡನೇ ವಲಯ, ಅಪಾಯ ಕಡಿಮೆ ಅಂತೀವಿ, ಸರಿಯೇ. ಕಿಲ್ಲಾರಿಗೂ ಹಾಗೇ ಅಂದಿದ್ದೆವು. ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಕಟ್ಟಡದ ನಕ್ಷೆ ತೋರಿಸಿ ಅಂತ ಕೇಳಿದೆ. ಇನ್ನೂ ಹುಡುಕ್ತಿದ್ದಾರೆ.

ಹೋದ ತಿಂಗಳು ಹೊಸ ಟೀಮು, ಮತ್ತೆ ಐಸ್ ಬ್ರೇಕರ್. ಹಳೇ ಸಹೋದ್ಯೋಗಿಯೊಬ್ಬ "ನಿನ್ನ ಚರಗಿ ಕಥೆ ಹೇಳೋ" ಅಂದ. ನಾನು ಹೇಳಿದ್ದು ಇಷ್ಟು: "1993ರ ಸೆಪ್ಟೆಂಬರ್ 30ರಂದು ನಮ್ಮೂರಿನಲ್ಲಿ ಭೂಮಿ ನಡುಗಿತು. ನನಗೆ ಎರಡು ವರ್ಷ, ಏನೂ ನೆನಪಿಲ್ಲ. ನಮ್ಮ ತಲೆ ಮೇಲೆ ಒಂದೂವರೆ ಅಡಿ ಮಣ್ಣಿತ್ತು, ಅದು ಬೀಳಲಿಲ್ಲ. ನಮ್ಮವ್ವ ನನ್ನನ್ನು ಎತ್ತಿಕೊಂಡು ಹೊರಗೆ ಬಂದಳು."

ಯಾರೂ ನಗಲಿಲ್ಲ. ಎರಡು ಸೆಕೆಂಡು ಎಲ್ಲರೂ ಸುಮ್ಮನಿದ್ದರು. ಆಮೇಲೆ ಮೂಲೆಯಲ್ಲಿ ಕೂತಿದ್ದ ಹೊಸ ಹುಡುಗಿ ಕೇಳಿದಳು, "ಈಗ ಆ ಮನೆ ಹೇಗಿದೆ?"